ಸೇನಾನಿ ಕೋಂದೆ

ಶೌರ್ಯವು ಮಹಾಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಶೌರ್ಯವು ಯಾರ ಸಲುವಾಗಿ ವೆಚ್ಚವಾಯಿತೆಂಬುದನ್ನು ಇತಿಹಾಸವು ಕೇಳದೆ ಬಿಡದು. ಫ್ರಾನ್ಸಿನ ರಾಜಪುತ್ರನಾದ ಕೋಂದೆಯ ಚರಿತ್ರವು ಇದಕ್ಕೆ ನಿದರ್ಶನವಾಗಿದೆ.

ಬೂರ್ಬೋನ್ ರಾಜವಂಶದ ಕಿರಿಯ ಶಾಖೆಯಲ್ಲಿ, 1621ನೆಯ ಇಸವಿ ಸೆಪ್ಟೆಂಬರ್ 8ರಂದು, ಪ್ಯಾರಿಸ್ ನಗರದಲ್ಲಿ ಈತನು ಜನಿಸಿದನು. 1643ರ ಮೇ 14ರಂದು ದೊರೆ ಹದಿಮೂರನೆಯ ಲೂಯಿಯು ಕಾಲವಾಗಲು, ಐದು ವರ್ಷವೂ ತುಂಬದ ಹದಿನಾಲ್ಕನೆಯ ಲೂಯಿಗೆ ಪಟ್ಟವಾಯಿತು. ಆಗ ಸ್ಪೇನಿನ ಸೈನ್ಯವು ಗಡಿಯ ರೊಕ್ರುವಾ ಕೋಟೆಯನ್ನು ಮುತ್ತಿತ್ತು. ಮೇ 19ರಂದು, 21 ವರ್ಷದ ಈ ತರುಣನು ಕುದುರೆಯ ದಂಡಿನೊಡನೆ ಶತ್ರುವಿನ ಎಡಪಕ್ಕವನ್ನು ಒಡೆದು, ಹಿಂದಿನಿಂದ ಸುತ್ತಿಬಂದು, ಯೂರೋಪಿನಲ್ಲಿ ಅಜೇಯವೆನಿಸಿದ್ದ ಸ್ಪೇನಿನ ಪದಾತಿಯನ್ನು ಧೂಳಿಗೂಡಿಸಿದನು. 1648ರಲ್ಲಿ ಲಾನ್ಸ್ ಎಂಬಲ್ಲಿ ಮತ್ತೆ ಜಯಶಾಲಿಯಾದನು.

ಕೀರ್ತಿಯೊಡನೆ ಗರ್ವವೂ ಬೆಳೆಯಿತು. ಬಾಲರಾಜನ ಹೆಸರಿನಲ್ಲಿ ಆಳುತ್ತಿದ್ದ ರಾಜಮಾತೆಯೂ ಮಂತ್ರಿ ಮಾಜಾರೇನನೂ 1650ರ ಜನವರಿಯಲ್ಲಿ ಆತನನ್ನು ಸೆರೆಗೆ ನೂಕಿದರು. ವಿಚಾರಣೆಯಿಲ್ಲದೆ ಹದಿಮೂರು ತಿಂಗಳು ಬಂಧನದಲ್ಲಿಟ್ಟುದು ಅನ್ಯಾಯವೇ ಸರಿ. ಆದರೆ ಬಿಡುಗಡೆಯಾದ ಸೇನಾನಿಯು ದಂಗೆಯೆದ್ದನು. 1652ರಲ್ಲಿ ಪ್ಯಾರಿಸಿನ ಬಾಗಿಲಲ್ಲೇ ರಾಜಸೈನ್ಯದೊಡನೆ ಕಾದಿದನು. ಕಡೆಗೆ ಸ್ಪೇನಿನ ದೊರೆಯ ಆಶ್ರಯವನ್ನು ಸೇರಿದನು. ವಿಧಿಯ ವಿಡಂಬನೆಯನ್ನು ನೋಡಿರಿ: ಹತ್ತು ವರ್ಷದ ಹಿಂದೆ ತಾನೇ ಕಾಪಾಡಿದ್ದ ರೊಕ್ರುವಾವನ್ನು 1653ರಲ್ಲಿ ತಾನೇ ಗೆದ್ದು ಸ್ಪೇನಿಗೊಪ್ಪಿಸಿದನು! 1654ರಲ್ಲಿ ಸ್ವದೇಶದ ನ್ಯಾಯಸ್ಥಾನವು ಆತನಿಗೆ ಮರಣದಂಡನೆಯನ್ನು ವಿಧಿಸಿತು. 1658ರಲ್ಲಿ ಡನ್‌ಕರ್ಕಿನ ಮರಳುದಿಬ್ಬಗಳಲ್ಲಿ, ಹಿಂದೊಮ್ಮೆ ತನ್ನ ಜೊತೆಗೂಡಿ ಕಾದಿದ್ದ ತ್ಯುರೆನ್ನನ ಕೈಯಲ್ಲಿ ಸ್ಪೇನಿನ ಪಕ್ಷವು ಸೋತಿತು.

1659ರ ಪಿರನೀಸ್ ಕೌಲಿನಿಂದ ಕೋಂದೆಗೆ ಕ್ಷಮೆ ದೊರೆಯಿತು. ರೊಕ್ರುವಾ ಫ್ರಾನ್ಸಿಗೆ ಮರಳಿತು. ಆದರೆ ಎಂಟು ವರ್ಷಗಳ ಕಾಲ ಅರಸನು ಆತನಿಗೆ ದಂಡಿನ ಅಧಿಕಾರವನ್ನು ಕೊಡಲಿಲ್ಲ. 1668ರಲ್ಲಿ ಕೊಟ್ಟಾಗ, ಮೂರು ವಾರಗಳೊಳಗೆ ಫ್ರಾಂಷ್‌ಕೋಂತೆ ಪ್ರಾಂತವನ್ನು ಗೆದ್ದನು. 1672ರಲ್ಲಿ ರೈನ್ ನದಿಯನ್ನು ದಾಟುವಾಗ ಗುಂಡೇಟಿನಿಂದ ಆತನ ಮಣಿಕಟ್ಟು ಮುರಿಯಿತು. 1675ರ ಬಳಿಕ ಕತ್ತಿಯನ್ನು ಕೆಳಗಿಟ್ಟು, ಶಾಂತಿಯಿಯ ಅರಮನೆಯಲ್ಲಿ ಮೋಲಿಯೇರನು ಬಾಳಿದ ಯುಗದ ಸಾಹಿತಿಗಳಾದ ರಾಸೀನ್, ಬ್ವಾಲೋ ಮೊದಲಾದವರ ಸಹವಾಸದಲ್ಲಿ ಕಾಲ ಕಳೆದನು. 1686ರ ಡಿಸೆಂಬರ್ 11ರಂದು ಫೌಂತೆನ್‌ಬ್ಲೋದಲ್ಲಿ ತೀರಿಕೊಂಡನು.

ಮಹಾ ಕೋಂದೆಯೆಂಬ ಬಿರುದು ಆತನಿಗೆ ಸಲ್ಲತಕ್ಕದ್ದೇ. ಆದರೂ ಮಂತ್ರಿಯು ಮಾಡಿದ ಅನ್ಯಾಯಕ್ಕೆ ದೇಶವು ದಂಡ ತೆರಬೇಕಾಯಿತು. ಆಳುವವರ ಮೇಲಿನ ಸಿಟ್ಟನ್ನು ನಾಡಿನ ಮೇಲೆ ತೀರಿಸಿಕೊಂಡವನಿಗೆ ಕ್ಷಮೆ ಸಿಕ್ಕಬಹುದು. ಕಳೆದ ವರ್ಷಗಳು ಸಿಕ್ಕುವುದಿಲ್ಲ.