ಐದರಲ್ಲಿ ಎರಡು ಪಾಲು ಕೇಳಿದ ಎಲಿ ವ್ಹಿಟ್ನಿ



ನಿಮ್ಮಲ್ಲಿ ಹತ್ತಿ ಬೆಳೆಯುವವರಿಗೆ ಜಿನ್ನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೇರಿಕೊಂಡು ಹೋದ ಹತ್ತಿ ಒಂದು ಕಡೆ ಅರಳೆಯಾಗಿ, ಇನ್ನೊಂದು ಕಡೆ ಕಾಳಾಗಿ ಬೀಳುವುದನ್ನು ನೀವು ನೋಡಿಯೇ ಇದ್ದೀರಿ. ಈ ಕೆಲಸಕ್ಕೆ ಹಲ್ಲಿನ ಯಂತ್ರ ಮಾಡಿ ಹೆಸರಾದವನು ಅಮೆರಿಕದ ಎಲಿ ವ್ಹಿಟ್ನಿ. ಯಂತ್ರದ ಕಥೆ ಶಾಲೆಯ ಹುಡುಗರಿಗೂ ಗೊತ್ತು. ಅದಕ್ಕೆ ಹಣ ಹಾಕಿದವರು ಯಾರು, ಆ ಹಣ ಏನಾಯಿತು ಎಂಬುದನ್ನು ಮಾತ್ರ ಹೆಚ್ಚು ಜನ ಹೇಳುವುದಿಲ್ಲ. ಇಂದು ಅದನ್ನು ನೋಡೋಣ.

ವ್ಹಿಟ್ನಿ 1765ರಲ್ಲಿ ಮಸಾಚುಸೆಟ್ಸ್‌ನ ವೆಸ್ಟ್‌ಬರೋ ಎಂಬ ಊರಿನ ಒಕ್ಕಲು ಮನೆಯಲ್ಲಿ ಹುಟ್ಟಿದ. ಹೊಲಕ್ಕಿಂತ ತಂದೆಯ ಉಪಕರಣಗಳ ಮೇಲೆಯೇ ಆತನಿಗೆ ಪ್ರೀತಿ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಮೊಳೆಗೆ ಅಭಾವ ಬಂದಾಗ ಹುಡುಗ ತಾನೇ ಮೊಳೆ ಮಾಡಿ ಮಾರಿದ. ಶಾಲೆಯಲ್ಲಿ ಪಾಠ ಹೇಳಿ ಹಣ ಕೂಡಿಸಿಕೊಂಡು, ತಡವಾಗಿ ಯೇಲ್ ಕಾಲೇಜು ಸೇರಿ, 1792ರಲ್ಲಿ ಪದವಿ ಪಡೆದ. ಕೈಯಲ್ಲಿ ಕಾಸಿರಲಿಲ್ಲ. ಮನೆಪಾಠದ ಕೆಲಸವೊಂದನ್ನು ನಂಬಿ ದಕ್ಷಿಣದ ಕಡೆ ಹೊರಟ. ಹೇಳಿದ ಸಂಬಳದಲ್ಲಿ ಅರ್ಧವೇ ಸಿಗುವುದೆಂದು ಅಲ್ಲಿ ತಿಳಿಯಿತು. ಆಗ ಆತನಿಗೆ ಆಶ್ರಯ ಕೊಟ್ಟದ್ದು ಜಾರ್ಜಿಯಾದ ಸವಾನಾ ಬಳಿಯ ಮಲ್ಬರಿ ಗ್ರೋವ್ ಎಂಬ ದೊಡ್ಡ ಜಮೀನಿನ ಒಡತಿ, ಸೇನಾಪತಿ ಗ್ರೀನನ ವಿಧವೆ ಕ್ಯಾಥರಿನ್ ಗ್ರೀನ್. ಆಕೆಯ ಆಸ್ತಿ ನೋಡಿಕೊಳ್ಳುತ್ತಿದ್ದವನು ಫಿನಿಯಸ್ ಮಿಲ್ಲರ್, ಆತನೂ ಯೇಲ್‌ನಲ್ಲಿ ಓದಿದವನು.

ಆ ಸೀಮೆಯಲ್ಲಿ ಸುಲಭವಾಗಿ ಬೆಳೆಯುತ್ತಿದ್ದುದು ಗಿಡ್ಡ ಎಳೆಯ, ಹಸಿರು ಕಾಳಿನ ಹತ್ತಿ. ಅರಳೆ ಕಾಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತಿತ್ತು. ನಮ್ಮ ದೇಶದಲ್ಲಿ ಹಿಂದಿನಿಂದಲೂ ಇದ್ದ ಎರಡು ಉರುಳೆಗಳ ಚರಕದಂಥ ಸಾಧನ ಅಲ್ಲಿಯೂ ಇತ್ತು, ಆದರೆ ಅದು ನುಣುಪು ಕಾಳಿನ ಹತ್ತಿಗಷ್ಟೇ ಸರಿ. ಈ ಹತ್ತಿಯನ್ನು ಕೈಯಿಂದ ಸುಲಿದರೆ ಒಂದು ಆಳಿಗೆ ದಿನಕ್ಕೆ ಸುಮಾರು ಒಂದು ಪೌಂಡ್, ಎಂದರೆ ಅರ್ಧ ಕಿಲೋಗೂ ಕಡಿಮೆ. ವ್ಹಿಟ್ನಿ ಮರದ ಉರುಳೆಗೆ ತಂತಿಯ ಹಲ್ಲು ಬಡಿದ. ಸೀಳುಗಂಡಿಗಳ ಮೂಲಕ ಹಲ್ಲುಗಳು ಅರಳೆಯನ್ನು ಎಳೆದುಕೊಂಡವು, ಕಾಳು ಈಚೆಯೇ ಉಳಿಯಿತು, ತಿರುಗುವ ಬ್ರಷ್ ಅರಳೆಯನ್ನು ಒರೆಸಿಕೊಂಡಿತು. ಒಂದು ಕುದುರೆ ಕಟ್ಟಿದರೆ ಐವತ್ತು ಆಳಿನ ಕೆಲಸವಾಗುತ್ತದೆಂದು ಆತನ ಲೆಕ್ಕ.

ಹಣ ಹುಡುಕಲು ದೂರ ಹೋಗಬೇಕಾಗಲಿಲ್ಲ. 1793ರ ಮೇ ತಿಂಗಳಲ್ಲಿ ಮಿಲ್ಲರ್‌ನೇ ಮುಂದೆ ಬಂದ. ಯಂತ್ರ ಹದಕ್ಕೆ ಬಂದು ಪೇಟೆಂಟ್ ಕೈಗೆ ಸಿಗುವವರೆಗೆ ಖರ್ಚೆಲ್ಲ ತನ್ನದು, ಲಾಭದಲ್ಲಿ ಇಬ್ಬರಿಗೂ ಸಮಪಾಲು ಎಂದು ಕರಾರಾಯಿತು. 1794ರ ಮಾರ್ಚ್ 14ರಂದು ಪೇಟೆಂಟ್ ಸಿಕ್ಕಿತು. ಕೈಬರಿದಾದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಕರಾರು ಯಾರು ಕೊಟ್ಟಾರು?

ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಯಂತ್ರವನ್ನು ಮಾರಬಾರದು, ಬಾಡಿಗೆಗೂ ಕೊಡಬಾರದು. ಇಡೀ ಸೀಮೆಯ ಹತ್ತಿಯನ್ನು ತಾವೇ ಜಿನ್ನು ಮಾಡಿ ಪಾಲು ತೆಗೆದುಕೊಳ್ಳಬೇಕು ಎಂದು ಪಾಲುದಾರರು ನಿಶ್ಚಯಿಸಿದರು. ಐದು ಪೌಂಡ್ ಕಾಳುಹತ್ತಿ ತಂದವನಿಗೆ ಒಂದು ಪೌಂಡ್ ಅರಳೆ ಹಿಂದಕ್ಕೆ ಎಂದು ಪ್ರಕಟಣೆ ಕೊಟ್ಟರು. ಲೆಕ್ಕ ಹಾಕಿ ನೋಡಿ: ಐದು ಪೌಂಡಿಗೆ ಅರಳೆ ಇಳಿಯುವುದು ಸುಮಾರು ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಬೆಳೆದವನಿಗೆ ಮೂರು ಪಾಲು, ಯಂತ್ರದವನಿಗೆ ಎರಡು ಪಾಲು. ಉತ್ತು ಬಿತ್ತಿದವನು ಇದಕ್ಕೆ ಒಪ್ಪುತ್ತಾನೆಯೇ? ಅಲ್ಲಿ ಉತ್ತವರೂ ಬಿಡಿಸಿದವರೂ ಸಂಬಳವಿಲ್ಲದ ಕಪ್ಪು ಗುಲಾಮರು. ಸಿಟ್ಟಾದವರು ಅವರ ಒಡೆಯರು ಎಂಬುದನ್ನೂ ಮರೆಯಬಾರದು.

ಯಂತ್ರವೋ ತೀರ ಸರಳ. ಒಮ್ಮೆ ನೋಡಿದ ಕಮ್ಮಾರ ಅಂಥದ್ದನ್ನೇ ಮಾಡಬಲ್ಲ. ಊರೂರಿಗೆ ಕಳ್ಳ ಜಿನ್ನುಗಳು ಎದ್ದವು. 1796ರಲ್ಲಿ ಹಾಜೆನ್ ಹೋಮ್ಸ್ ಎಂಬಾತ ತಂತಿಯ ಬದಲು ಗರಗಸದ ಬಿಲ್ಲೆ ಹಾಕಿ ಬೇರೆ ಪೇಟೆಂಟನ್ನೇ ಪಡೆದ. ಅದಕ್ಕೂ ಮೊದಲು, 1795ರಲ್ಲಿ, ನ್ಯೂ ಹೇವನ್‌ನಲ್ಲಿದ್ದ ವ್ಹಿಟ್ನಿಯ ಕಾರ್ಖಾನೆ ಸುಟ್ಟುಹೋಗಿತ್ತು. ಈ ಜಿನ್ನಿನಿಂದ ಎಳೆ ಕೆಡುತ್ತದೆಂದು ಇಂಗ್ಲೆಂಡಿನ ಗಿರಣಿಯವರು ಹಬ್ಬಿಸಿದ ಮಾತೊಂದು. ಜಾರ್ಜಿಯಾದ ಎಂಟು ಕಡೆ ನಿಲ್ಲಿಸಿದ್ದ ಮೂವತ್ತು ಯಂತ್ರಗಳಲ್ಲಿ ಕೆಲವು ಹತ್ತಿಯಿಲ್ಲದೆ ನಿಂತವು. ದುಬಾರಿ ಬಡ್ಡಿಗೆ ಸಾಲ ತಂದದ್ದಾಯಿತು. ಮಿಲ್ಲರ್ 1796ರಲ್ಲಿ ಕ್ಯಾಥರಿನ್‌ಳನ್ನು ಮದುವೆಯಾಗಿದ್ದ. ಆಕೆಯ ಆಸ್ತಿಯ ಹಣವೂ ಇದರಲ್ಲಿ ಸೇರಿತು. ಹೇಗಾದರೂ ಹಣ ಎಬ್ಬಿಸಬೇಕೆಂದು ಆತ ಯಾಜೂ ಎಂಬ ಜಮೀನು ವ್ಯಾಪಾರಕ್ಕೆ ಕೈಹಾಕಿದ. ಲಂಚದ ಹಗರಣವೆಂದು ಸರ್ಕಾರ ಆ ಮಾರಾಟವನ್ನೇ ರದ್ದು ಮಾಡಿತು. 1800ರಲ್ಲಿ ಮಲ್ಬರಿ ಗ್ರೋವ್ ಮಾರಿಹೋಯಿತು. ವ್ಹಿಟ್ನಿಯ ಬವಣೆಯನ್ನು ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಮರುಕ ಬರುವುದು ಮನೆಯಲ್ಲಿ ಜಾಗ ಕೊಟ್ಟು ಜಮೀನು ಕಳೆದುಕೊಂಡ ಆ ಹೆಂಗಸಿನ ಮೇಲೆ.

ಕೋರ್ಟಿನಲ್ಲಿ 1797ರ ಮೊದಲ ದಾವೆ ಬಿದ್ದುಹೋಯಿತು. ಕಾನೂನಿನ ಒಂದು ಪದದ ಸಂದಿಯಲ್ಲಿ ಕಳ್ಳ ಜಿನ್ನಿನವರು ನುಸುಳಿಕೊಂಡರು. ಆ ಸಂದಿ ಮುಚ್ಚಿದ್ದು 1800ರಲ್ಲಿ. ಕೊನೆಗೆ ಪಾಲಿನ ಹಟ ಬಿಟ್ಟು ಹಕ್ಕನ್ನೇ ರಾಜ್ಯಗಳಿಗೆ ಮಾರತೊಡಗಿದರು. ದಕ್ಷಿಣ ಕೆರೊಲಿನಾ 1801ರಲ್ಲಿ 50,000 ಡಾಲರ್‌ಗೆ ಒಪ್ಪಿ, ನಡುವೆ ಕಂತು ನಿಲ್ಲಿಸಿ, ಕೊಟ್ಟ ಹಣವನ್ನೂ ಹಿಂದಕ್ಕೆ ಕೇಳಿ, 1804ರಲ್ಲಿ ಮತ್ತೆ ಒಪ್ಪಿತು. ಉತ್ತರ ಕೆರೊಲಿನಾ ಪ್ರತಿ ಗರಗಸಕ್ಕೂ ಐದು ವರ್ಷ ತೆರಿಗೆ ಎತ್ತಿ ಕೊಟ್ಟಿತು. ಇದನ್ನು ನೋಡಿ ಮುಗಿಸುವ ಮೊದಲೇ, 1803ರ ಡಿಸೆಂಬರಿನಲ್ಲಿ, ಮಿಲ್ಲರ್ ತೀರಿಕೊಂಡ. ಜಾರ್ಜಿಯಾದ ಕೋರ್ಟು ವ್ಹಿಟ್ನಿಯ ಹಕ್ಕನ್ನು ಎತ್ತಿಹಿಡಿದದ್ದು 1807ರಲ್ಲಿ. ಪೇಟೆಂಟಿನ ಅವಧಿ ಮುಗಿದದ್ದೂ ಅದೇ ವರ್ಷ.

ವ್ಹಿಟ್ನಿ ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದ. 1798ರಲ್ಲಿ ಸರ್ಕಾರಕ್ಕೆ 10,000 ಬಂದೂಕು ಮಾಡಿಕೊಡಲು 1,34,000 ಡಾಲರಿನ ಗುತ್ತಿಗೆ ಹಿಡಿದ. ಇಲ್ಲಿ ಕೊಳ್ಳುವವನು ಮೊದಲೇ ಗೊತ್ತು, ಬೆಲೆ ಗೊತ್ತು, ಮುಂಗಡ 5,000 ಡಾಲರ್ ಕೈಗೆ ಬಂತು. ಊರಿನ ಹತ್ತು ಮಂದಿ ಜಾಮೀನು ನಿಂತು ಬ್ಯಾಂಕಿನಿಂದ 10,000 ಡಾಲರ್ ಕೊಡಿಸಿದರು. ಎರಡು ವರ್ಷದಲ್ಲಿ ಮುಗಿಸುವೆನೆಂದ ಕೆಲಸಕ್ಕೆ ಹತ್ತು ವರ್ಷ ಹಿಡಿಯಿತು. 1801ರಲ್ಲಿ ಬಿಡಿಭಾಗಗಳನ್ನು ಕಲೆಸಿಟ್ಟು, ಕೈಗೆ ಸಿಕ್ಕಿದ್ದನ್ನು ಜೋಡಿಸಿ ತೋರಿಸಿ ದೊಡ್ಡವರನ್ನು ಮೆಚ್ಚಿಸಿದ. ಆ ಭಾಗಗಳನ್ನು ಮೊದಲೇ ಹೊಂದಿಸಿ ತಂದಿದ್ದನೆಂದು ಈಗಿನ ಚರಿತ್ರಕಾರರು ಹೇಳುತ್ತಾರೆ. ಏನೇ ಆದರೂ ಗುತ್ತಿಗೆ ಕೈತಪ್ಪಲಿಲ್ಲ, ಸಾಲ ತೀರಿತು. ಐವತ್ತು ದಾಟಿದ ಮೇಲೆ, 1817ರಲ್ಲಿ, ಮದುವೆಯಾದ. 1825ರ ಜನವರಿ 8ರಂದು ಕಣ್ಣುಮುಚ್ಚಿದ.

ಜಿನ್ನಿನಿಂದ ಹತ್ತಿಯ ಹೊಲ ಹಬ್ಬಿದಂತೆ ಗುಲಾಮಗಿರಿಯೂ ಹಬ್ಬಿತು. 1790ರಲ್ಲಿ ಏಳು ಲಕ್ಷದಷ್ಟಿದ್ದ ಗುಲಾಮರು 1860ಕ್ಕೆ ಸುಮಾರು ನಲವತ್ತು ಲಕ್ಷವಾದರು. ಇತ್ತ ನಮ್ಮ ಧಾರವಾಡ ಸೀಮೆಗೆ ಅಮೆರಿಕದ ಹತ್ತಿಯ ತಳಿ ಬಂದದ್ದು 1840ರ ದಶಕದಲ್ಲಿ. ಅದರ ಅರಳೆಯೂ ಕಾಳನ್ನು ಬಿಡದ ಜಾತಿ, ನಮ್ಮ ಹಳೆಯ ಚರಕಕ್ಕೆ ಬಗ್ಗಲಿಲ್ಲ. ಹಿಂದೆಯೇ ಗರಗಸದ ಜಿನ್ನೂ ಬಂತು. ಅಷ್ಟು ಹೊತ್ತಿಗೆ ಪಾಲು ಕೇಳಲು ವ್ಹಿಟ್ನಿಯೂ ಇರಲಿಲ್ಲ, ಮಿಲ್ಲರ್‌ನೂ ಇರಲಿಲ್ಲ.