ನೊಳಂಬವಾಡಿಯ ಜಯಸಿಂಹದೇವನು

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಪೂರ್ವಚರಿತ್ರೆ ಎಂದೊಡನೆ ಎಲ್ಲರ ನೆನಪಿಗೂ ಬರುವವರು ಮದಕರಿ ನಾಯಕನು ಮತ್ತು ಒನಕೆಯ ಓಬವ್ವನು. ಅವರಿಗೆ ಏಳುನೂರು ವರ್ಷ ಹಿಂದೆ ಈ ನೆಲವು ನೊಳಂಬವಾಡಿ ಮೂವತ್ತೆರಡು ಸಾಸಿರವೆಂಬ ನಾಡಿಗೆ ಸೇರಿದ್ದಿತು. ಹಿರಿಯೂರಿಗೆ ಪೂರ್ವದಲ್ಲಿ, ಈಗ ಆಂಧ್ರದ ಎಲ್ಲೆಯೊಳಗಿರುವ ಹೇಮಾವತಿಯೇ ನೊಳಂಬರ ರಾಜಧಾನಿಯಾದ ಹೆಂಜೇರು. ನೊಳಂಬರ ಸ್ವತಂತ್ರ ಪ್ರಭುತ್ವವು ಅಳಿದ ಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳು ತಮ್ಮ ಕುಮಾರರನ್ನೇ ಈ ನಾಡಿಗೆ ಒಡೆಯರನ್ನಾಗಿ ಕಳುಹಿಸುತ್ತಿದ್ದುದುಂಟು. ಅವರಲ್ಲೊಬ್ಬನು ಜಯಸಿಂಹದೇವನು. ಶಾಸನಗಳಲ್ಲಿ ಆತನಿಗೆ ವೀರನೊಳಂಬ ಪಲ್ಲವ ಪೆರ್ಮಾನಡಿ ಎಂಬ ಬಿರುದುಂಟು.

ಜಯಸಿಂಹನು ಒಂದನೆಯ ಸೋಮೇಶ್ವರ ಚಕ್ರವರ್ತಿಯ ಮಗನು; ಇಮ್ಮಡಿ ಸೋಮೇಶ್ವರ, ವಿಕ್ರಮಾದಿತ್ಯ ಎಂಬಿಬ್ಬರಿಗೆ ತಮ್ಮನು. 1068ರಲ್ಲಿ ತಂದೆಯು ವಾಸಿಯಾಗದ ಜ್ವರದಿಂದ ಬಳಲಿ, ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿಳಿದು ಪ್ರಾಣಬಿಡಲು, ಹಿರಿಯ ಮಗನು ಪಟ್ಟವೇರಿದನು. ಅವನಿಗೂ ವಿಕ್ರಮಾದಿತ್ಯನಿಗೂ ಬಹುಕಾಲ ಸರಿಬರಲಿಲ್ಲ. ವಿಕ್ರಮನು ಅಣ್ಣನ ನಗರವನ್ನು ಬಿಟ್ಟು ಹೊರಟಾಗ ಜಯಸಿಂಹನು ಅರಮನೆಯ ಸುಖವನ್ನು ತೊರೆದು ಅವನ ಸಂಗಡವೇ ನಡೆದನು. ಚಕ್ರವರ್ತಿಯ ದಂಡು ಬೆನ್ನಟ್ಟಿ ಬಂದಿತು, ಸೋಲಿಸಲ್ಪಟ್ಟು ಹಿಂದಿರುಗಿತು. ತರುವಾಯ ವಿಕ್ರಮನು ದಕ್ಷಿಣಕ್ಕೆ ಬಂದು ಚೋಳರಾಜ ವೀರರಾಜೇಂದ್ರನ ಮಗಳನ್ನು ವಿವಾಹವಾದನು; 1076ರಲ್ಲಿ ಅಣ್ಣನನ್ನು ಯುದ್ಧದಲ್ಲಿ ಗೆದ್ದು, ಸೆರೆಯಲ್ಲಿಟ್ಟು, ತಾನೇ ಚಕ್ರವರ್ತಿಯಾದನು.

ಕಷ್ಟದಲ್ಲಿ ಜತೆಗಿದ್ದ ತಮ್ಮನನ್ನು ಆತನು ಮರೆಯಲಿಲ್ಲ. ನೊಳಂಬವಾಡಿಯಲ್ಲದೆ ಬನವಾಸಿ ಪನ್ನಿರ್ಚ್ಛಾಸಿರ, ಸಾಂತಳಿಗೆ ಸಾಸಿರ, ಬೆಳ್ವೊಲ ಪುಲಿಗೆರೆಗಳೆಂಬ ಎರಡು ಮುನ್ನೂರುಗಳೂ ಜಯಸಿಂಹನ ಕೈಗೆ ಬಂದುವು. ಯುವರಾಜ ಪದವಿಯೂ ದೊರೆಯಿತು. ರಾಜ್ಯದಲ್ಲಿ ಇನ್ನು ಉಳಿದಿದ್ದುದು ಸಿಂಹಾಸನವೊಂದೇ.

ಮುಂದಿನ ಕಥೆಯನ್ನು ಕಾಶ್ಮೀರದ ಬಿಲ್ಹಣ ಕವಿಯು ವಿಕ್ರಮಾಂಕದೇವಚರಿತವೆಂಬ ಸಂಸ್ಕೃತ ಕಾವ್ಯದಲ್ಲಿ ವಿಸ್ತಾರವಾಗಿ ಹೇಳಿರುತ್ತಾನೆ. ಮರೆಯಾಗಿದ್ದ ಈ ಗ್ರಂಥವು 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಬ್ಯೂಲರ್ ಪಂಡಿತರ ಕಣ್ಣಿಗೆ ಬಿದ್ದಿತು. ಯುವರಾಜನು ಪ್ರಜೆಗಳನ್ನು ಸುಲಿದು ಹಣ ಕೂಡಿಸುತ್ತಿದ್ದಾನೆ, ಕಾಡಿನ ಜನರನ್ನು ಒಲಿಸಿಕೊಳ್ಳುತ್ತಿದ್ದಾನೆ, ದ್ರವಿಡ ದೇಶದ ಅರಸನ ಸ್ನೇಹವನ್ನು ಬೇಡುತ್ತಿದ್ದಾನೆ, ಚಕ್ರವರ್ತಿಯ ಸೈನ್ಯದಲ್ಲಿಯೇ ಒಡಕು ಹುಟ್ಟಿಸುತ್ತಿದ್ದಾನೆ ಎಂದು ವರ್ತಮಾನವು ಬಂದಿತಂತೆ. ವಿಕ್ರಮನು ಮೊದಲು ನಂಬಲಿಲ್ಲ. ಚಾರರನ್ನು ಕಳುಹಿಸಿ ನಿಶ್ಚಯ ತಿಳಿದ ಮೇಲೆಯೂ ಒಳ್ಳೆಯ ಮಾತುಗಳನ್ನೇ ಹೇಳಿಸಿದನು. ಜಯಸಿಂಹನು ಕೇಳದೆ ಕೃಷ್ಣಾತೀರದವರೆಗೆ ದಂಡೆತ್ತಿ ಬಂದು ಊರುಗಳನ್ನು ಸುಟ್ಟು, ಜನರನ್ನು ಸೆರೆಹಿಡಿದನು. ಕಾಳಗದ ಮೊದಲಲ್ಲಿ ಅವನ ಆನೆಗಳೇ ಮೇಲುಗೈಯಾದುವು. ಕಡೆಗೆ ಚಕ್ರವರ್ತಿಯು ತಾನೇ ಮುಂದೆ ನುಗ್ಗಲು ತಮ್ಮನ ದಂಡು ಚದುರಿತು. ಜಯಸಿಂಹನು ಅಡವಿಯನ್ನು ಸೇರಿದನು. ಇದು ಸುಮಾರು 1083ರ ಸಂಗತಿ.

ಇದನ್ನೋದುವಾಗ ಸತ್ಯವೇದವನ್ನು ಬಲ್ಲವರಿಗೆ ದಾವೀದನ ಮೇಲೆ ತಿರುಗಿಬಿದ್ದು ಎಫ್ರಾಯೀಮಿನ ಕಾಡಿನಲ್ಲಿ ಮಡಿದ ಅಬ್ಷಾಲೋಮನು ನೆನಪಾಗದಿರನು. ಜಯಸಿಂಹನಿಗೆ ಆ ಗತಿ ಬರಲಿಲ್ಲ. ಅಡವಿಯಲ್ಲಿ ಹಿಡಿದು ತಂದ ತಮ್ಮನನ್ನು ವಿಕ್ರಮನು ಕರುಣೆಯಿಂದ ಕಂಡನೆಂದು ಕವಿಯು ಬರೆಯುತ್ತಾನೆ. ಬಿಲ್ಹಣನು ಗೆದ್ದವನ ಆಸ್ಥಾನ ಕವಿ ಎಂಬುದನ್ನು ವಾಚಕರು ಮರೆಯಬಾರದು. ಅಣ್ಣನ ಮೇಲೆ ವಿಕ್ರಮನು ದಂಡೆತ್ತಿದುದು ಅವನ ಕಾವ್ಯದಲ್ಲಿ ಧರ್ಮ. ಜಯಸಿಂಹನು ಅದನ್ನೇ ಮಾಡಿದುದು ದ್ರೋಹ. ತಮ್ಮನು ಆ ಪಾಠವನ್ನು ದೇಶಾಂತರದ ದಿನಗಳಲ್ಲಿ ಅಣ್ಣನ ಪಕ್ಕದಲ್ಲಿಯೇ ನಿಂತು ಕಲಿತಿದ್ದನಲ್ಲವೇ? ಜಯಸಿಂಹನ ಪರವಾಗಿ ಮಾತನಾಡಿದ ಕವಿಯೊಬ್ಬನೂ ನಮಗೆ ದೊರೆತಿಲ್ಲ.

ಆ ಮೇಲೆ ಶಾಸನಗಳಲ್ಲಿ ಜಯಸಿಂಹನ ಆಳಿಕೆಯ ಸುದ್ದಿಯಿಲ್ಲ. ವಿಕ್ರಮಾದಿತ್ಯನು 1126ರವರೆಗೆ ರಾಜ್ಯವಾಳಿದನು. ನೊಳಂಬವಾಡಿಯು ಉಚ್ಚಂಗಿಯ ಪಾಂಡ್ಯರ ಕೈಸೇರಿತು.