ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ನಮ್ಮ ಪದವಿ ಶಿಕ್ಷಣ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಆಗ ಅಲ್ಲಿಯ ಪಾಠಕ್ರಮವೂ ಪರೀಕ್ಷೆಯೂ ಮದರಾಸು ವಿಶ್ವವಿದ್ಯಾನಿಲಯದವು.

1912ರಲ್ಲಿ ದಿವಾನರಾದ ಅವರು ಈ ಪರಾಧೀನತೆಯನ್ನು ನೀಗಿಸಲು ಶ್ರಮಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಅದು ಮದರಾಸಿನ ಪದ್ಧತಿಯನ್ನು ಹಾಗೆಯೇ ಅನುಸರಿಸಲಿಲ್ಲ. ಎರಡು ವರ್ಷದ ಇಂಟರ್‌ಮೀಡಿಯೆಟ್ ತರಗತಿಯನ್ನು ಬಿಟ್ಟು, ಒಂದು ವರ್ಷದ ಪ್ರವೇಶ ತರಗತಿಯನ್ನೂ ಮೂರು ವರ್ಷದ ಪದವಿ ತರಗತಿಯನ್ನೂ ಏರ್ಪಡಿಸಿತು. ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು.

1918ರಲ್ಲಿ ಅವರು ಅಧಿಕಾರ ತ್ಯಜಿಸಿದರು. ಮುಂದೆ ಇಂಟರ್‌ಮೀಡಿಯೆಟ್ ಮರಳಿ ಬಂದಿತು. ಆದರೂ ಕೆಲವು ದಶಕಗಳ ತರುವಾಯ ದೇಶವೇ ಮೂರು ವರ್ಷದ ಪದವಿಯನ್ನು ಒಪ್ಪಿತು. 1962ರಲ್ಲಿ ಅವರು ಕಾಲವಾದರು. ಪಾಠಕ್ರಮ ಬದಲಾದಾಗಲೆಲ್ಲ ಗೊಣಗುವ ನಾವು, ಅದನ್ನು ನಾವೇ ರೂಪಿಸಿಕೊಳ್ಳುವ ಅಧಿಕಾರವನ್ನು ನಾಡಿಗೆ ದೊರಕಿಸಿದವರಲ್ಲಿ ನಮ್ಮ ನೆರೆಯೂರಿನವರೊಬ್ಬರು ಪ್ರಮುಖರೆಂಬುದನ್ನು ನೆನೆಯಬೇಕು.